ಹತ್ತೂರೆ ಕಾಕಾನ ಕಪಾಟು

ಶುಕ್ರವಾರ ರಾತ್ರಿ ಎಂಟೂವರೆಗೆ,
ಸೊಲ್ಲಾಪುರದ ನಮ್ಮ ಗಲ್ಲಿಯ ಮಗ್ಗಗಳೆಲ್ಲ ಇನ್ನೂ ಓಡುತ್ತಿರುವಾಗ
ಹತ್ತೂರೆ ಕಾಕಾನ ಕಿಟಕಿಗೆ ಜೋತುಬೀಳುತ್ತಿದ್ದೆ.
ಒಳಗೆ ಕೂರಲು ಕಾಕು ಬಿಡುತ್ತಿರಲಿಲ್ಲ,
ನಮ್ಮ ಕಾಲಿಗೆ ನೂಲಿನ ಬಣ್ಣ ಹತ್ತಿರುತ್ತದೆಂದು.

ನನ್ನ ಸರಳಿನಿಂದ ಟೀವಿಯ ಬಲಭಾಗ ಮಾತ್ರ.
ಎಡಕ್ಕೆ ಅಡ್ಡ ನಿಂತ ಕಬ್ಬಿಣದ ಕಪಾಟು,
ಅದರ ಮೇಲೆ ಮಡಚಿಟ್ಟ ಗಾದಿ.
ಹಾಗಾಗಿ ನನ್ನ ಪಾಲಿನ ರಾಣಿ
ತಿಂಗಳುಗಟ್ಟಲೆ ಕಪಾಟಿನ ಜೊತೆಗೇ ಮಾತಾಡಿದಳು.
ಕಪಾಟಿಗೆ ಹೆದರಿದಳು, ಕಪಾಟಿಗೆ ರಾಖಿ ಕಟ್ಟಿದಳು,
ಒಂದು ಶುಕ್ರವಾರ ಕಪಾಟಿನೊಳಕ್ಕೆ ಕತ್ತಿ ತೂರಿಸಿ
ರಕ್ತ ಹತ್ತಿದ ಕೈ ಹೊರಗೆಳೆದಳು.

ಅಕ್ಕ ಸುಗಲಾ ಬಾಗಿಲ ಸಂದಿಯಲ್ಲಿ. ಅವಳಿಗೆ ಎಡಭಾಗ.
ಅವಳು ಕಂಡದ್ದು ಸಾಯುತ್ತಿರುವ ತಮ್ಮನನ್ನು,
ಅವನ ಮುಖದ ಮೇಲಿನ
ಉಂಡೆದ್ದವನಂಥ ನಗುವನ್ನು.
ರಾತ್ರಿ ಮಾಳಿಗೆಯ ಮೇಲೆ
ಎರಡು ತುಂಡು ಕೂಡಿಸಿ ಹೊಲಿಯಲು ಕೂತರೆ
ಅಂಚಿಗೆ ಅಂಚು ಸೇರುತ್ತಿರಲಿಲ್ಲ.
"ಕೊಂದಾಕಿ ಅಕಿ" ಎಂದು ನಾನು.
"ಕೊಲ್ಲಿಸ್ಕೊಂಡಾಂವ ಅಂವ" ಎಂದು ಅವಳು.
ನಡುವೆ ಹೊದೆದ ಒಂದೇ ಚಾದರಿನಲ್ಲಿ
ನನ್ನ ಕಡೆ ಕೆಂಪು ನವಿಲು, ಬಿಳಿ ನೆಲ;
ಅವಳ ಕಡೆ ಬಿಳಿ ನವಿಲು, ಕೆಂಪು ನೆಲ.

ಮೂವತ್ತು ವಾರ ರಾಣಿಯನ್ನು ಶಪಿಸಿದೆ.
ಆಮೇಲೊಂದು ದಿನ ಪರದೆಯ ತುಂಬ ಹೊಗೆ,
ಗಂಟೆಯ ಸದ್ದು, ಬಣ್ಣವೆಲ್ಲ ಇಳಿದು ಬೂದಿ.
"ಫ್ಲ್ಯಾಶ್‌ಬ್ಯಾಕ್ ಬಂತು" ಎಂದ ಹತ್ತೂರೆ ಕಾಕಾ,
ಬೀಗರು ಬಂದರು ಎನ್ನುವ ಧಾಟಿಯಲ್ಲಿ.
ಅದೇ ಕೋಣೆ. ಅದೇ ಕತ್ತಿ.
ಕ್ಯಾಮೆರಾ ಈಗ ಗೋಡೆಯ ಆಚೆ ಬದಿಗೆ,
ಕಪಾಟಿನ ಮರೆಯಲ್ಲಿದ್ದವನು ಮೊದಲ ಸಲ ನನ್ನ ಕಡೆ ಬಂದ.
ಸೊಂಟದವರೆಗೆ ಕಲ್ಲಾಗಿದ್ದ.
ಎದೆಗೇರುವ ಮೊದಲು ಮುಗಿಸು ಎಂದು
ತಾನೇ ಅಕ್ಕನ ಮಣಿಕಟ್ಟು ಹಿಡಿದೆಳೆದ.
ನಾನು ನೋಡಿದ್ದು ಸುಳ್ಳೇನಲ್ಲ.
ಅದು ಬಲಭಾಗ.

ಒಕ್ಕಣ್ಣಿನ ಮಾಂತ್ರಿಕನೊಬ್ಬನಿದ್ದ.
ಅವನಿಗೆ ಮಾತ್ರ ಹೊಗೆ ಏಳಲೇ ಇಲ್ಲ.
ಯಾಕೆ ಕಲ್ಲು ಮಾಡುತ್ತಿದ್ದ, ಆ ಕಣ್ಣು ಎಲ್ಲಿ ಕಳೆದ,
ಯಾರಾದರೂ ಅವನ ಹೆಗಲ ಹಿಂದೆ ಹೋಗಿ ನಿಲ್ಲುವ ಮೊದಲೇ
ಸೀರಿಯಲ್ಲು ನಿಂತುಹೋಯಿತು.
ಆ ಹೊತ್ತಿಗೆ ಅಡಿಗೆಯ ಕಾರ್ಯಕ್ರಮ ಹಾಕಿದರು.

ಸುಗಲಾ ಮನೆ ಬಿಟ್ಟದ್ದು ಅದೇ ವರ್ಷ,
ಚಾದರಿನ ಡಿಸೈನ್ ಕಾರ್ಡಿಗೆ ತೂತು ಹೊಡೆಯುವ
ತೆಲುಗು ಹುಡುಗನ ಜೊತೆ.
ನಾನು ಕಂಡದ್ದು ಅವ್ವನ ಬೆನ್ನು.
ಅಗಳಿ ಹಾಕಿದ ಕೈ.
ಅಷ್ಟನ್ನೇ ಇಪ್ಪತ್ತೆರಡು ವರ್ಷ ತಿರುಗಿಸಿ ತಿರುಗಿಸಿ ನೋಡಿದೆ.
ಅವ್ವ ಮಾಡಿದ ಚಹಾ ಕುಡಿದೆ;
ಎದುರು ಕೂತು ಉಣ್ಣಲಿಲ್ಲ.

ಈಗ ಭಿವಂಡಿಯಿಂದ ಬಂದವಳು
ಶೇಂಗಾ ಸುಲಿಯುತ್ತ, ಗಂಟೆಯಿಲ್ಲ ಹೊಗೆಯಿಲ್ಲ, ಅಂದಳು:
"ಅಗಳಿ ಹಾಕೂಕಿಂತ ಮೊದ್ಲ ಅವ್ವ
ತನ್ನ ಬೋರಮಾಳ ಬಿಚ್ಚಿ ನನ್ನ ಕೈಯಾಗ ತುರುಕಿದ್ಲು.
ಲೈಟಿನ ಬೆಳಕಿನ್ಯಾಗ ಅಕಿ ಮಾರಿ ನೋಡೀನಿ ನಾ,
ತೊಯ್ದಿತ್ತು."

ಅವ್ವ ಅಲ್ಲೇ ಇದ್ದಳು,
ಅಂಚಿನ ಎಳೆಗಳನ್ನು ಹೊಸೆದು ಗೊಂಡೆ ಕಟ್ಟುತ್ತ.
ಇಬ್ಬರೂ ಅವಳತ್ತ ತಿರುಗಿದೆವು,
ಈಗ ಎದ್ದೀತು ಹೊಗೆ ಎಂಬಂತೆ.
ಅವ್ವ ಹಲ್ಲಿನಿಂದ ನೂಲು ಕಡಿದಳು.
"ಆವತ್ತ ಲೈಟ ಹೋಗಿತ್ತಲ್ಲ.
ಗಲ್ಲೀಗೆ ಗಲ್ಲೀನ ಕತ್ತಲ, ಮಗ್ಗ ಎಲ್ಲಾ ನಿಂತಿದ್ದು.
ನೀವಿಬ್ರೂ ಏನ ನೋಡೀರಿ?"

ಮುಂದಿನ ಗೊಂಡೆಗೆ ಎಳೆ ಎಣಿಸತೊಡಗಿದಳು,
ಹನ್ನೊಂದು, ಹನ್ನೆರಡು, ತುಟಿ ಮಾತ್ರ ಆಡಿಸುತ್ತ.